ಮರದಲ್ಲಿ ಮೂಡಿದ ಭಕ್ತಿ

ಮಾವಿನಕುರ್ವೆಯ ನಮ್ಮ ಧರ್ಮಕೇಂದ್ರವು ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ ದಾನಿಗಳನ್ನೂ ಗುರುಗಳನ್ನೂ ಸ್ಮರಿಸುವುದು ಸಹಜವೇ. ಆದರೆ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಮರವನ್ನು ಕೆತ್ತಿ ಭಕ್ತಿಗೆ ರೂಪವಿತ್ತ ಶಿಲ್ಪಿಗಳನ್ನು ನೆನೆಯುವವರು ವಿರಳ.

ಸ್ವರೂಪಗಳಿಗೆ ಸಲ್ಲುವ ಗೌರವವು ಅವು ಸೂಚಿಸುವ ಪುಣ್ಯವ್ಯಕ್ತಿಗಳಿಗೇ ಸಲ್ಲುತ್ತದೆಂದು 787ರ ದ್ವಿತೀಯ ನೈಸಿಯಾ ಮಹಾಸಭೆಯು ಸಾರಿತು. ಈ ಬೋಧನೆಯೊಡನೆ ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಬಂದ ಕಲೆಯು ಇಲ್ಲಿಯ ಕುಶಲಕರ್ಮಿಗಳ ಕೈಸೇರಿತು. ಕ್ರೈಸ್ತ ಸ್ವರೂಪಗಳನ್ನು ಅನ್ಯಧರ್ಮೀಯರಿಂದ ಮಾಡಿಸಬಾರದೆಂದು 1567ರಲ್ಲಿ ಗೋವೆಯ ಪ್ರಾಂತೀಯ ಸಭೆಯು ವಿಧಿಸಿತು. ನಿಷೇಧಿಸಬೇಕಾಯಿತೆಂಬುದೇ ಅವರು ಆ ಕೆಲಸ ಮಾಡುತ್ತಿದ್ದರೆಂಬುದಕ್ಕೆ ಸಾಕ್ಷಿ!

ನಮ್ಮ ಜಿಲ್ಲೆಯ ಗುಡಿಗಾರರ ಪೂರ್ವಜರೂ ಗೋವೆಯಿಂದಲೇ ಬಂದವರೆಂಬ ಐತಿಹ್ಯವಿದೆ. ಹೊನ್ನಾವರ, ಕುಮಟಾಗಳಲ್ಲಿಯೂ ಘಟ್ಟದ ಮೇಲಿನ ಸಾಗರ, ಸೊರಬಗಳಲ್ಲಿಯೂ ಅವರ ಶ್ರೀಗಂಧದ ಕೆತ್ತನೆ ಹೆಸರಾದುದು. ಮದುವೆಯ ಬೆಂಡಿನ ಬಾಸಿಂಗವೂ ಅವರ ಕೈಕೆಲಸವೇ. ಗಂಧದ ಹೊರಗಿನ ಬಿಳಿಯ ಭಾಗವನ್ನು ತೆಗೆದು ಚೇಗನ್ನು ಮಾತ್ರ ಉಳಿಗೆ ಒಡ್ಡುವುದು ಅವರ ಕ್ರಮ.

ಮರವು ಶಿಲ್ಪಿಯ ಇಚ್ಛೆಗೆ ಪೂರ್ತಿಯಾಗಿ ಮಣಿಯುವುದಿಲ್ಲ. ಅದರ ಎಳೆ ಉದ್ದಕ್ಕೆ ಓಡುತ್ತದೆ. ಶಿಲುಬೆಯ ಮೇಲಿನ ಯೇಸುಸ್ವಾಮಿಯ ಚಾಚಿದ ತೋಳುಗಳನ್ನು ದೇಹದೊಡನೆ ಒಂದೇ ತುಂಡಿನಲ್ಲಿ ಕೆತ್ತಿದರೆ ಅವು ಮುರಿಯುತ್ತವೆ. ಆದುದರಿಂದ ಅವನ್ನು ಬೇರೆಯಾಗಿ ಕೆತ್ತಿ ಹೆಗಲಿಗೆ ಬೆಸೆಯುತ್ತಾರೆ. ದೊಡ್ಡ ಸ್ವರೂಪಗಳು ಬಿರಿಯದಂತೆ ಬೆನ್ನನ್ನು ಟೊಳ್ಳು ಮಾಡುವುದುಂಟು. ಬಳಿಕ ಅಂಟು ಬೆರೆಸಿದ ಸೀಮೆಸುಣ್ಣದ ತೆಳುಲೇಪ, ಅದರ ಮೇಲೆ ಬಣ್ಣ ಅಥವಾ ಚಿನ್ನದ ರೇಕು. ಇಷ್ಟಾದರೂ ಭಾವವಿರುವುದು ಬಣ್ಣದಲ್ಲಲ್ಲ. ಬಾಗಿದ ಕೊರಳಲ್ಲಿ, ಬಿಗಿದ ಪಕ್ಕೆಲುಬಿನಲ್ಲಿ, ಅರೆಮುಚ್ಚಿದ ರೆಪ್ಪೆಯಲ್ಲಿ. ಅಕ್ಷರವರಿಯದ ಮುದುಕಿಗೂ ಪಾಡಿನ ಪ್ರಸಂಗವನ್ನು ಬೋಧಿಸುವುದು ಆ ಗೆರೆಗಳೇ.

ಇದನ್ನು ನಾನು ತಡವಾಗಿ ಅರಿತೆ. ಹಿಂದೊಮ್ಮೆ ಬೇರೊಂದು ಊರಿನಲ್ಲಿದ್ದಾಗ, ಹಬ್ಬಕ್ಕೆ ಹೊಸತಾಗಿ ಕಾಣಲೆಂದು ವ್ಯಾಕುಲಮಾತೆಯ ಹಳೆಯ ಸ್ವರೂಪಕ್ಕೆ ಎನಾಮಲ್ ಬಣ್ಣ ಬಳಿಸಿದೆನು. ಮಾತೆಯ ಮುಖ ಹೊಳೆಯಿತು. ರೆಪ್ಪೆಯ ಕೆಳಗಿನ ದುಃಖ ಮಾತ್ರ ಬಣ್ಣದಡಿ ಮುಚ್ಚಿಹೋಯಿತು. ಒಬ್ಬ ವೃದ್ಧೆ, “ಸ್ವಾಮಿ, ಅಮ್ಮನವರು ಈಗ ಅಳುತ್ತಿಲ್ಲವಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಲೆಯುಳ್ಳ ಪವಿತ್ರ ವಸ್ತುಗಳು ಕೈತಪ್ಪಿ ಹೋಗದಂತೆ ಕಾಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆದೇಶಿಸಿದೆ. ಆದುದರಿಂದ ಪ್ರಿಯ ಭಕ್ತಾದಿಗಳೇ, ಗೆದ್ದಲಿಂದಲೂ ತೇವದಿಂದಲೂ ಹಳೆಯ ಸ್ವರೂಪಗಳನ್ನು ರಕ್ಷಿಸೋಣ. ಬಣ್ಣ ಮಾಸಿತೆಂದು ಹೊರಹಾಕುವ ಮುನ್ನ ಬಲ್ಲವರಿಗೆ ತೋರಿಸೋಣ. ಹೆಸರು ಬರೆಯದೆ ಹೋದ ಆ ಕೈಗಳಿಗೆ, ಅವು ಯಾವ ಮತದವೇ ಆಗಿರಲಿ, ನಾವು ಸಲ್ಲಿಸಬಹುದಾದ ಕೃತಜ್ಞತೆ ಇದೇ.