ಪತ್ರಗಳು ಎಲ್ಲಿ ವಾಸವಾಗಿವೆ? ಮನೆ ಕಂಪ್ಯೂಟರಿನ ಇಮೇಲ್ ಪ್ರೋಗ್ರಾಂಗಳ ಮೂವತ್ತು ವರ್ಷ

 ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆಯನ್ನ ಬೇರೆ ಬೇರೆ ರೀತಿ ಕೇಳ್ತಾ ಇದ್ದೀರಿ: "ವಿಂಡೋಸ್ ಜೊತೆ ಬಂದಿದ್ದ ಮೇಲ್ ಆ್ಯಪ್ ನಿಂತುಹೋಯ್ತು, ಮನೆ ಕಂಪ್ಯೂಟರಿಗೆ ಈಗ ಯಾವುದನ್ನ ಹಾಕ್ಲಿ?" ಆಫೀಸಿನ ಮೇಲ್ ಬಗ್ಗೆ ಯಾರೂ ಕೇಳಲ್ಲ, ಅದು ಐಟಿ ಟೀಮಿನ ತಲೆನೋವು. ಕೇಳೋದೆಲ್ಲ ಮನೆಯದು. ಇಬಿ ಬಿಲ್ಲು, ಎಲ್‌ಐಸಿ ರಸೀದಿ, ಮಕ್ಕಳ ಸ್ಕೂಲಿನ ಸರ್ಕ್ಯುಲರ್, ಅವುಗಳ ಅಡಿಯಲ್ಲೆಲ್ಲೋ ಇಪ್ಪತ್ತು ವರ್ಷದ ಹಿಂದೆ ಊರಿಂದ ಅಪ್ಪ ಬರೆದ ಮೇಲ್.

ಒಂದೇ ಮಾತಿನ ಉತ್ತರ ಬೇಕಿದ್ದವರಿಗೆ ಈಗಲೇ ಹೇಳಿಬಿಡ್ತೀನಿ: ವಿಂಡೋಸ್ ಅಥವಾ ಲಿನಕ್ಸ್ ಇದ್ದರೆ ಥಂಡರ್‌ಬರ್ಡ್. ಆದರೆ ಅದು ಚೆನ್ನಾಗಿ ಕಾಣುತ್ತೆ, ವೇಗವಾಗಿದೆ ಅನ್ನೋ ಕಾರಣಕ್ಕಲ್ಲ. ಬೇರೆಯವು ಅದಕ್ಕಿಂತ ಚೆನ್ನಾಗಿ ಕಾಣುತ್ತವೆ. ನಿಜವಾದ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಅದೂ ನಾವಿರುವ ಈ ಊರಿಂದಲೇ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಮೊದಲ ನಗರಗಳಲ್ಲಿ ಮುಂಬೈ, ದೆಹಲಿ, ಕಲ್ಕತ್ತದ ಜೊತೆ ಮದ್ರಾಸೂ ಇತ್ತು. ಚೆನ್ನೈ ಅನ್ನೋ ಹೆಸರು ಬಂದದ್ದು ಮರುವರ್ಷ. ಅದಕ್ಕೂ ಮುಂಚೆ ಇಮೇಲ್ ಅಂದರೆ ಐಐಟಿ ಮದ್ರಾಸ್, ನಮ್ಮ ಬೆಂಗಳೂರಿನ ಐಐಎಸ್‌ಸಿ ಥರದ ಸಂಸ್ಥೆಗಳಲ್ಲಿ, 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲೇ ಹೆಚ್ಚಾಗಿ. ವಿಎಸ್‌ಎನ್‌ಎಲ್ ಕೊಟ್ಟ ವಿಳಾಸಗಳು ಈಗ ನೋಡಿದರೆ ನಗು ಬರುತ್ತೆ. ಮದ್ರಾಸಿನವರ ಹೆಸರಿನ ಮುಂದೆ 'ಗಿಯಾಸ್‌ಎಂಡಿ01', ಬೆಂಗಳೂರಿನವರ ಮುಂದೆ 'ಗಿಯಾಸ್‌ಬಿಜಿ01', ಆಮೇಲೆ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್. ಪಿನ್‌ಕೋಡ್ ನೋಡಿದ ಹಾಗೆ, ವಿಳಾಸ ನೋಡಿದರೇ ಊರು ಗೊತ್ತಾಗ್ತಿತ್ತು.

ಆಗ ಕಡಿಮೆ ದುಡ್ಡಿಗೆ ಸಿಗ್ತಿದ್ದದ್ದು ಶೆಲ್ ಅಕೌಂಟ್. ಚಿತ್ರ ಇಲ್ಲ, ಮೌಸ್ ಇಲ್ಲ, ಕಪ್ಪು ಪರದೆ ಮೇಲೆ ಅಕ್ಷರ ಅಷ್ಟೇ. ಮೇಲ್ ಓದೋಕೆ ಪೈನ್ ಅನ್ನೋ ಪ್ರೋಗ್ರಾಂ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1989ರಲ್ಲಿ ಬರೆಯಲು ಶುರುಮಾಡಿದ್ದು. ಪೈನ್ ಪತ್ರಗಳನ್ನ ಇಡುತ್ತಿದ್ದ ರೀತಿ ಗಮನಿಸಿ. ಒಂದು ಫೋಲ್ಡರ್ ಅಂದರೆ ಒಂದು ಪಠ್ಯ ಫೈಲ್. ಪತ್ರದ ಕೆಳಗೆ ಪತ್ರ, ಪ್ರತಿಯೊಂದರ ತಲೆ ಮೇಲೆ 'ಫ್ರಮ್' ಅಂತ ಶುರುವಾಗುವ ಒಂದು ಸಾಲು. ಇದಕ್ಕೆ ಎಂಬಾಕ್ಸ್ ಅಂತಾರೆ, ಯುನಿಕ್ಸ್ ಕಾಲದ್ದು. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು.

ಹೆಚ್ಚು ದುಡ್ಡು ಕೊಟ್ಟು ಚಿತ್ರ ಬರುವ ಸಂಪರ್ಕ ತಗೊಂಡವರಲ್ಲಿ ಹಲವರ ಮನೆಗೆ ಯುಡೋರಾ ಬಂತು. ಸ್ಟೀವ್ ಡಾರ್ನರ್ ಎಂಬಾತ 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದದ್ದು, ಆಮೇಲೆ ಕ್ವಾಲ್‌ಕಾಮ್ ಕಂಪನಿ ತಗೊಂಡಿತು. ಪೋಸ್ಟ್ ಆಫೀಸಿನಲ್ಲೇ ವಾಸ ಮಾಡುವ ಹೆಣ್ಣುಮಗಳ ಬಗ್ಗೆ ಕಥೆ ಬರೆದ ಅಮೆರಿಕದ ಲೇಖಕಿ ಯುಡೋರಾ ವೆಲ್ಟಿ ಹೆಸರನ್ನೇ ಪ್ರೋಗ್ರಾಂಗೆ ಇಟ್ಟಿದ್ದಾರೆ. ಇಷ್ಟು ಒಳ್ಳೆ ಹೆಸರು ಇವತ್ತಿನ ಯಾವ ಸಾಫ್ಟ್‌ವೇರಿಗಿದೆ ಹೇಳಿ! ಇದೂ ಹೆಚ್ಚುಕಡಿಮೆ ಎಂಬಾಕ್ಸ್ ರೀತಿಯೇ, ಒಂದು ತೊಡಕಿನ ಜೊತೆ: ಅಟ್ಯಾಚ್‌ಮೆಂಟುಗಳನ್ನ ಪತ್ರದಿಂದ ಬಿಡಿಸಿ ಬೇರೆ ಫೋಲ್ಡರಿಗೆ ಹಾಕುತ್ತಿತ್ತು. ಪತ್ರ ಮಾತ್ರ ಕಾಪಿ ಮಾಡಿ ಆ ಫೋಲ್ಡರ್ ಮರೆತರೆ, "ಫೋಟೋ ಕಳಿಸಿದ್ದೀನಿ ನೋಡು" ಅನ್ನೋ ಸಾಲು ಉಳಿಯುತ್ತೆ, ಫೋಟೋ ಇರಲ್ಲ.

ಇಲ್ಲಿ ಪಾಪ್ ವಿಷಯ ಹೇಳಲೇಬೇಕು, ಪಿಒಪಿ. ಡಯಲ್-ಅಪ್ ಕಾಲದಲ್ಲಿ ಮೀಟರ್ ಓಡ್ತಾ ಇರುತ್ತೆ, ಫೋನ್ ಬಿಲ್ ಬೇರೆ. ಬೇಗ ಸಂಪರ್ಕಿಸು, ಪತ್ರ ಇಳಿಸಿಕೋ, ಲೈನ್ ಕಟ್ ಮಾಡು, ಆಮೇಲೆ ನಿಧಾನವಾಗಿ ಓದು. ಇಳಿಸಿಕೊಂಡ ಮೇಲೆ ಸರ್ವರಿನಲ್ಲಿ ಪ್ರತಿ ಉಳಿಯುತ್ತಿರಲಿಲ್ಲ, ನೀವೇ ಸೆಟ್ಟಿಂಗ್ ಬದಲಾಯಿಸದ ಹೊರತು. ಬದಲಾಯಿಸಿದರೂ ಎಷ್ಟು ದಿನ? ಹಾಟ್‌ಮೇಲ್ ನೆನಪಿಸಿಕೊಳ್ಳಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಶುರುಮಾಡಿದ್ದು. ಅದರ ಉಚಿತ ಖಾತೆಯಲ್ಲಿ 2004ರಲ್ಲೂ ಜಾಗ ಇದ್ದದ್ದು 2 ಎಂಬಿ. ಇವತ್ತು ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋಗಳೇ ಸಾಕು ಅದನ್ನ ತುಂಬಿಸೋಕೆ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡ್ತೀವಿ ಅಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡರು. ಹಾಗಾಗಿ ಅದಕ್ಕೂ ಹಿಂದಿನ ಮನೆ ಪತ್ರಗಳು ಉಳಿದಿದ್ದರೆ ಹಳೇ ಹಾರ್ಡ್‌ಡಿಸ್ಕಿನಲ್ಲೇ ಹುಡುಕಬೇಕು. ಆ ವಿಳಾಸ ಕೊಟ್ಟವರೇ ಈಗ ಹಳೇ ಹೆಸರಲ್ಲಿಲ್ಲ. ವಿಎಸ್‌ಎನ್‌ಎಲ್ 2002ರಲ್ಲಿ ಟಾಟಾ ಕೈಗೆ ಹೋಗಿ 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಆಯಿತು. 1998ರಲ್ಲಿ ಖಾಸಗಿ ಇಂಟರ್ನೆಟ್ ತಂದ ಚೆನ್ನೈನ ಸತ್ಯಂ ಇನ್‌ಫೋವೇ ಸಿಫಿ ಆಯಿತು.

ಈಗ ನಮ್ಮಲ್ಲಿ ಹೆಚ್ಚಿನವರ ಮನೆಗೆ ಬಂದ ಪ್ರೋಗ್ರಾಂ: ಔಟ್‌ಲುಕ್ ಎಕ್ಸ್‌ಪ್ರೆಸ್. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಬಂತು, ವಿಂಡೋಸ್ ಎಕ್ಸ್‌ಪಿವರೆಗೆ ಉಳೀತು. ಬಿಟ್ಟಿ, ಸುಲಭ. ಅಂಗಡಿಯವನು ಅಸೆಂಬಲ್ ಮಾಡಿ ಕೊಟ್ಟ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತಿತ್ತು. ಅದು ಪತ್ರ ಇಟ್ಟದ್ದು ಡಿಬಿಎಕ್ಸ್ ಎಂಬ ತನ್ನದೇ ಫೈಲಿನಲ್ಲಿ. ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಓದೋಕೆ ಬರಲ್ಲ. 2 ಜಿಬಿ ಮುಟ್ಟಿದರೆ ಕೆಡುತ್ತಿತ್ತು. ಅಳಿಸಿದ ಪತ್ರದ ಜಾಗ ವಾಪಸ್ ಬರಬೇಕಾದರೆ ಫೈಲನ್ನ 'ಕಾಂಪ್ಯಾಕ್ಟ್' ಮಾಡಬೇಕು. ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ನೂರು ಸಲ ಮುಚ್ಚಿದರೆ ಒಂದು ಸಲ ಅದೇ ಕೇಳುತ್ತಿತ್ತು, ಕಾಂಪ್ಯಾಕ್ಟ್ ಮಾಡಲಾ ಅಂತ. ಸರಿ ಅಂದು ಒತ್ತಿದ ಹೊತ್ತಲ್ಲೇ ಕರೆಂಟ್ ಹೋದರೆ? 2012ರಲ್ಲಿ ಚೆನ್ನೈಗೇ ದಿನಕ್ಕೆ ಎರಡು ಗಂಟೆ ಪವರ್ ಕಟ್, ಹೊರಗಿನ ಜಿಲ್ಲೆಗಳ ಕಥೆ ಕೇಳಲೇಬೇಡಿ. ಯುಪಿಎಸ್ ಬ್ಯಾಟರಿ ಸತ್ತ ಮನೆಗಳಲ್ಲಿ ಇನ್‌ಬಾಕ್ಸೇ ಖಾಲಿಯಾಗುವ ಸಾಧ್ಯತೆ ಇತ್ತು.

ಕನ್ನಡದವರಿಗೆ ಇನ್ನೊಂದು ಪದರ ಇದೆ, ಇದನ್ನ ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೆ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಸಮೇತ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಮುಂಚೆ, ಅದಾದ ಮೇಲೂ ಬಹಳ ವರ್ಷ, ಜನ ಬರೆದದ್ದು ಬರಹದಲ್ಲಿ, ನುಡಿಯಲ್ಲಿ. ಶೇಷಾದ್ರಿವಾಸು ಅವರ ಬರಹ 1998ರದ್ದು, ನುಡಿ ಕನ್ನಡ ಗಣಕ ಪರಿಷತ್ತಿನದ್ದು. ಇವುಗಳ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪ್ರಾಕೃತವೂ ಅಲ್ಲದ ಪೈಶಾಚಿಯೂ ಅಲ್ಲದ ಏನೋ ಒಂದು. ಅಪ್ಪ ನುಡಿಯಲ್ಲಿ ಟೈಪ್ ಮಾಡಿದ ಮೇಲನ್ನ ಇವತ್ತು ತೆರೆದರೆ ಕಾಣೋದು ಅದೇ.

ಗಾಬರಿ ಬೇಡ, ಪತ್ರ ಸತ್ತಿಲ್ಲ. ಎಚ್‌ಟಿಎಂಎಲ್ ರೂಪದಲ್ಲಿ ಕಳಿಸಿದ್ದರೆ ಒಳಗೆ ಫಾಂಟಿನ ಹೆಸರು ಬರೆದಿರುತ್ತೆ. ಅದು ಬರಹದ್ದೋ ನುಡಿಯದ್ದೋ ಗೊತ್ತಾದರೆ, ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಹಾಗಾಗಿ ಹೊಸ ಪ್ರೋಗ್ರಾಂಗೆ ಹೋಗುವಾಗ 'ಪ್ಲೇನ್ ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್' ಅನ್ನೋ ಆಯ್ಕೆಯನ್ನ ಮಾತ್ರ ಒತ್ತಬೇಡಿ. ಫಾಂಟಿನ ಹೆಸರು ಅಳಿಸಿಹೋದರೆ ಯಾವ ಬೀಗಕ್ಕೆ ಯಾವ ಕೀಲಿ ಅಂತ ಊಹಿಸುತ್ತಾ ಕೂರಬೇಕು.

ಎಕ್ಸ್‌ಪಿ ನಂತರದ್ದು ಬೇಗ ಹೇಳಿ ಮುಗಿಸ್ತೀನಿ. ವಿಸ್ಟಾದಲ್ಲಿ ವಿಂಡೋಸ್ ಮೇಲ್. ವಿಂಡೋಸ್ 7ರಲ್ಲಿ ಏನೂ ಇಲ್ಲ, ವಿಂಡೋಸ್ ಲೈವ್ ಮೇಲ್ ಡೌನ್‌ಲೋಡ್ ಮಾಡಿಕೋ ಅಂದರು. ಈ ಎರಡೂ ಒಂದು ಪತ್ರಕ್ಕೆ ಒಂದು ಇಎಂಎಲ್ ಫೈಲ್ ಇಟ್ಟವು, ಆ ಮಟ್ಟಿಗೆ ಪುಣ್ಯ. 2017ರ ಜನವರಿ 10ಕ್ಕೆ ಲೈವ್ ಮೇಲ್‌ಗೆ ಬೆಂಬಲ ನಿಂತಿತು. ವಿಂಡೋಸ್ 10ರ ಮೇಲ್ ಆ್ಯಪ್ 2024ರ ಡಿಸೆಂಬರ್ 31ಕ್ಕೆ ಮುಗೀತು. ಈಗ ಹೊಸ ಔಟ್‌ಲುಕ್. ಒಂದೇ ಕಂಪನಿ, ಮೂವತ್ತು ವರ್ಷದೊಳಗೆ ಐದು ಪ್ರೋಗ್ರಾಂ. ಚೆನ್ನೈನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಮನೆ ಬದಲಾಯಿಸಿದವರಿಗೆ ಗೊತ್ತಿರುತ್ತೆ, ಪ್ರತಿ ಸಾಗಾಟದಲ್ಲೂ ಒಂದು ಡಬ್ಬ ಕಳೆದೇ ಹೋಗುತ್ತೆ.

ಹೊಸ ಔಟ್‌ಲುಕ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಆದರೆ ತಿಳಿದುಕೊಂಡು ಹಾಕಿ. ಉಚಿತ ಆವೃತ್ತಿಯಲ್ಲಿ ಪತ್ರಗಳ ಪಟ್ಟಿಯೊಳಗೆ ಜಾಹೀರಾತು ಬರುತ್ತೆ. ಜಿಮೇಲ್, ಯಾಹೂ ಖಾತೆ ಸೇರಿಸಿದರೆ ಆ ಪತ್ರಗಳು ಮೈಕ್ರೋಸಾಫ್ಟ್ ಕ್ಲೌಡ್‌ಗೂ ಸಿಂಕ್ ಆಗುತ್ತವೆ, ಸೇರಿಸುವಾಗ ಅದೇ ಹೇಳುತ್ತೆ, ನಾವು ಓದದೆ ಒತ್ತುತ್ತೀವಿ. ನನ್ನ ಮಟ್ಟಿಗೆ ಮನೆ ಪತ್ರಕ್ಕೆ ಇದು ಸರಿಹೊಂದಲ್ಲ.

"ಎಲ್ಲಾ ಜಿಮೇಲ್‌ನಲ್ಲೇ ಇದೆಯಲ್ಲ, ಡೆಸ್ಕ್‌ಟಾಪ್ ಪ್ರೋಗ್ರಾಂ ಯಾಕೆ?" ಅನ್ನೋರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆ ಅರ್ಧವನ್ನ ಈ ಊರು 2015ರಲ್ಲಿ ಕಲಿಸಿತು. ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ. ಅಡ್ಯಾರ್ ನದಿ ದಡ ಮೀರಿತು. ವಿಮಾನ ನಿಲ್ದಾಣ ಮುಚ್ಚಿತು. 1878ರಿಂದ ಬರುತ್ತಿದ್ದ ದಿ ಹಿಂದೂ ಪತ್ರಿಕೆ ಮರುದಿನ ಇಲ್ಲಿ ಅಚ್ಚಾಗಲಿಲ್ಲ. ನೆಲಮಹಡಿ ಮನೆಗಳಲ್ಲಿ ಸಿಪಿಯು ಇರುವುದು ಎಲ್ಲಿ ಹೇಳಿ? ಮೇಜಿನ ಕೆಳಗೆ, ನೆಲದ ಮೇಲೆ. ನೀರು ಒಳಗೆ ಬಂದರೆ ಮೊದಲು ಮುಳುಗುವುದೇ ಅದು. ಪಾಪ್‌ನಲ್ಲಿ ಇಳಿಸಿಕೊಂಡ ಪತ್ರಕ್ಕೆ ಬೇರೆ ಪ್ರತಿ ಎಲ್ಲೂ ಇಲ್ಲ. ಐಮ್ಯಾಪ್ ಬಳಸುತ್ತಿದ್ದವರ ಪತ್ರ ಸರ್ವರಿನಲ್ಲಿ ಒಣಗಿದ ಜಾಗದಲ್ಲಿ ಕೂತಿತ್ತು. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಆ ವಿಧಾನ, ಪತ್ರ ಅಂಚೆ ಕಚೇರಿಯಲ್ಲೇ ಇರಲಿ, ನೀನು ಅಲ್ಲೇ ಬಂದು ಓದು ಅನ್ನುತ್ತೆ.

ಇನ್ನರ್ಧ ಇಲ್ಲಿದೆ. 2023ರ ಡಿಸೆಂಬರ್‌ನಿಂದ ಜಾರಿಗೆ ಬಂದ ಗೂಗಲ್ ನಿಯಮದ ಪ್ರಕಾರ, ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಯನ್ನ ಒಳಗಿರುವ ಪತ್ರ ಸಮೇತ ಅಳಿಸಬಹುದು. ತೀರಿಕೊಂಡ ಅಪ್ಪನ ಖಾತೆಯನ್ನ ಯಾರು ಮುಟ್ಟುತ್ತಾರೆ? ಜೊತೆಗೆ, ಐಮ್ಯಾಪ್ ಬ್ಯಾಕಪ್ ಅಲ್ಲ. ಮೊಬೈಲಿನಲ್ಲಿ ಜಾಗ ಇಲ್ಲ ಅಂತ ಅಮ್ಮ ಅಳಿಸಿದ ಪತ್ರ ನಿಮ್ಮ ಕಂಪ್ಯೂಟರಿನಿಂದಲೂ ಹೋಗುತ್ತೆ.

ಅಂದರೆ ಮನೆಗೆ ಬೇಕಾದದ್ದು ಸರ್ವರಿನ ಪ್ರತಿಯನ್ನೂ ಓದಬೇಕು, ಕೈಯಲ್ಲೂ ಒಂದು ಪ್ರತಿ ಇಡಬೇಕು, ಆ ಪ್ರತಿ ಪ್ರೋಗ್ರಾಂ ಸತ್ತ ಮೇಲೂ ತೆರೆಯಬೇಕು. ಥಂಡರ್‌ಬರ್ಡ್ ಇಲ್ಲಿ ಗೆಲ್ಲುತ್ತೆ. 2004ರ ಡಿಸೆಂಬರ್ 7ರಂದು ಮೊದಲ ಆವೃತ್ತಿ, ಇವತ್ತಿಗೂ ಅದು ಪತ್ರ ಇಡುವುದು ಎಂಬಾಕ್ಸ್‌ನಲ್ಲಿ, ಪೈನ್ ಇಡುತ್ತಿದ್ದ ಅದೇ ರೀತಿ. 1996ರ ಪೈನ್ ಫೋಲ್ಡರ್ ನಿಮ್ಮ ಹತ್ತಿರ ಇದ್ದರೆ ಇದರಲ್ಲಿ ತೆರೆಯಬಹುದು. 2006ರ ಡಿಬಿಎಕ್ಸ್ ತೆರೆಯಲು ಬೇರೆ ಸಲಕರಣೆ ಬೇಕು. ಹತ್ತು ವರ್ಷ ಹೊಸದಾದದ್ದೇ ಹೆಚ್ಚು ಹಾಳಾಗಿದೆ, ವಿಚಿತ್ರ ನೋಡಿ.

ಇದರ ಇತಿಹಾಸವೂ ಸುಖಕರವಲ್ಲ. 2012ರ ಜುಲೈನಲ್ಲಿ ಮೊಝಿಲ್ಲಾವೇ ಇನ್ನು ಇದಕ್ಕೆ ಹೆಚ್ಚು ಜನ ಹಾಕಲ್ಲ ಅಂದಿತು. ಸ್ವಯಂಸೇವಕರು ಹಿಡಿದುಕೊಂಡರು, ಬಳಕೆದಾರರ ದೇಣಿಗೆ ಬೆಳೆಯಿತು, 2020ರಲ್ಲಿ ಎಂಝಡ್‌ಎಲ್‌ಎ ಅನ್ನೋ ಪ್ರತ್ಯೇಕ ಕಂಪನಿ ಆಯಿತು, 2023ರಲ್ಲಿ ಹೊಸ ಮುಖ ಬಂತು. ದೋಷಗಳೂ ಇವೆ. ಇಡೀ ಇನ್‌ಬಾಕ್ಸ್ ಒಂದೇ ಫೈಲ್ ಆದ್ದರಿಂದ, ಒಂದು ವೈರಸ್ ಪತ್ರ ಬಂದರೆ ಕೆಲವು ಆ್ಯಂಟಿವೈರಸ್‌ಗಳು ಫೈಲನ್ನೇ ಎತ್ತಿ ಕ್ವಾರಂಟೈನ್ ಮಾಡಿಬಿಡುತ್ತವೆ. ಇದರಲ್ಲೂ ಕಾಂಪ್ಯಾಕ್ಟ್ ಇದೆ. ಇನ್‌ಬಾಕ್ಸನ್ನ ಸಣ್ಣದಾಗಿಡಿ, ವರ್ಷಕ್ಕೊಂದು ಫೋಲ್ಡರ್ ಮಾಡಿ.

ಮ್ಯಾಕ್ ಇದ್ದವರಿಗೆ ಅದರ ಜೊತೆ ಬರುವ ಮೇಲ್ ಸಾಕು, ಎಂಬಾಕ್ಸ್‌ಗೆ ಎಕ್ಸ್‌ಪೋರ್ಟ್ ಆಗುತ್ತೆ. "ನಮ್ಮ ಚೆನ್ನೈನದ್ದೇ ಝೋಹೊ ಇದೆಯಲ್ಲ" ಅಂತಾರೆ. ಝೋಹೊ ಮೇಲ್ 2008ರಿಂದ ಇದೆ, ಒಳ್ಳೆಯದೇ, ಆದರೆ ಅದು ಮೊದಲಿಗೆ ವಿಳಾಸ ಕೊಡುವ ಸೇವೆ. ನಾವು ಮಾತಾಡುತ್ತಿರುವುದು ಪತ್ರ ಇಡುವ ಪೆಟ್ಟಿಗೆ ಬಗ್ಗೆ. ಎರಡನ್ನೂ ಬೇರೆ ಬೇರೆಯಾಗಿ ಆರಿಸಿ.

ಇನ್ನು ಕೆಲಸ. ಹಳೇ ಎಕ್ಸ್‌ಪಿ ಡಬ್ಬ ಇನ್ನೂ ಆನ್ ಆಗುತ್ತಿದ್ದರೆ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು, ಪತ್ರಗಳನ್ನ ಸೆಲೆಕ್ಟ್ ಮಾಡಿ ಒಂದು ಫೋಲ್ಡರಿಗೆ ಎಳೆದು ಹಾಕಿ, ಇಎಂಎಲ್ ಆಗುತ್ತವೆ. ಡಿಬಿಎಕ್ಸ್ ಫೈಲುಗಳ ಒಂದು ಪ್ರತಿ ಮೊದಲೇ ತೆಗೆದಿಡಿ. ಆಮೇಲೆ ಥಂಡರ್‌ಬರ್ಡ್‌ಗೆ 'ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ' ಎಂಬ ಆ್ಯಡ್-ಆನ್ ಹಾಕಿ ಒಳಗೆ ತನ್ನಿ. ಜಿಮೇಲ್ ಖಾತೆಯನ್ನ ಐಮ್ಯಾಪ್‌ನಲ್ಲೇ ಸೇರಿಸಿ. ಹಳೇ ಪ್ರೋಗ್ರಾಂಗಳಿಗೆ ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬಿಡುವುದನ್ನ ಗೂಗಲ್ 2022ರ ಮೇ 30ರಿಂದ ನಿಲ್ಲಿಸುತ್ತಾ ಬಂತು. ಥಂಡರ್‌ಬರ್ಡ್ ಆದರೆ ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತೆ.

ಉಳಿಯಲೇಬೇಕಾದ ಪತ್ರಗಳನ್ನ 'ಲೋಕಲ್ ಫೋಲ್ಡರ್ಸ್' ಕೆಳಗೆ ಕಾಪಿ ಮಾಡಿ. ಮೂವ್ ಅಲ್ಲ, ಕಾಪಿ. ಅಲ್ಲಿಗೆ ಹೋದದ್ದು ಸರ್ವರಿನಲ್ಲಿ ಅಳಿಸಿದರೂ ಹೋಗಲ್ಲ. ಕೊನೆಗೆ ಪ್ರೋಗ್ರಾಂ ಮುಚ್ಚಿ, ಇಡೀ ಪ್ರೊಫೈಲ್ ಫೋಲ್ಡರನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ. ದೀಪಾವಳಿಗೆ ಊರಿಗೆ ಹೋಗುವಾಗ ಒಂದು ಪ್ರತಿ ತಗೊಂಡು ಹೋಗಿ ಅಲ್ಲೇ ಬೀರುವಿನಲ್ಲಿ ಬಿಟ್ಟು ಬನ್ನಿ, ಮೇಲಿನ ಅರೆಯಲ್ಲಿ.