ನೀರೊಳಗಿನ ಅಣೆಕಟ್ಟು

ಜೋಗದ ಜಲಪಾತವನ್ನು ಕಣ್ಣಾರೆ ಕಂಡವರು ತಮ್ಮಲ್ಲಿ ಅನೇಕರಿರಬಹುದು. ಆದರೆ ಅದಕ್ಕೂ ಮೇಲ್ಗಡೆ, ಲಿಂಗನಮಕ್ಕಿ ಜಲಾಶಯದ ಗರ್ಭದಲ್ಲಿ ಮತ್ತೊಂದು ಅಣೆಕಟ್ಟು ಮುಳುಗಿರುವುದನ್ನು ಬಲ್ಲವರು ವಿರಳ. ಆ ಕಟ್ಟೆಯ ವೃತ್ತಾಂತವನ್ನೇ ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬಯಸುತ್ತೇನೆ.

ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯು ಮಳೆಗಾಲದಲ್ಲಿ ಭೋರ್ಗರೆಯುತ್ತಾಳೆ, ಬೇಸಗೆಯಲ್ಲಿ ಬಡವಾಗುತ್ತಾಳೆ. ವಿದ್ಯುದ್ಯಂತಗಳಿಗಾದರೋ ವರ್ಷವಿಡೀ ನೀರು ಬೇಕು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಸಾಗಿಸಿದ ಮೈಸೂರು ಸಂಸ್ಥಾನಕ್ಕೆ ಕ್ರಮೇಣ ಆ ಶಕ್ತಿಯು ಸಾಲದಾಯಿತು. ಆಗ ಸಂಸ್ಥಾನದ ದೃಷ್ಟಿ ಜೋಗದ ಕಡೆಗೆ ಹರಿಯಿತು. ಮಳೆಯ ನೀರನ್ನು ಕೂಡಿಡುವುದಕ್ಕಾಗಿ ಸಾಗರ ತಾಲ್ಲೂಕಿನ ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ೧೯೪೮ರ ಫೆಬ್ರವರಿಯಲ್ಲಿ ಜೋಗದ ವಿದ್ಯುದಾಗಾರವು ಉದ್ಘಾಟನೆಗೊಂಡಿತು. ಮುಂದೆ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆದ ಈ ಆಗಾರದ ಶಕ್ತಿ, ಎಲ್ಲ ಯಂತ್ರಗಳೂ ಕೂಡಿದ ಮೇಲೆ, ೧,೨೦,೦೦೦ ಕಿಲೋವ್ಯಾಟ್ ಆಯಿತು.

ಆದರೆ ನಾಡಿನ ಬೇಡಿಕೆಯು ಅಲ್ಲಿಗೆ ನಿಲ್ಲಲಿಲ್ಲ. ೧೯೬೪ರಲ್ಲಿ ಜೋಗಕ್ಕೆ ಇನ್ನೂ ಸಮೀಪದಲ್ಲಿ ಲಿಂಗನಮಕ್ಕಿಯ ಮಹಾ ಅಣೆಕಟ್ಟು ಸಿದ್ಧವಾಯಿತು. ಇದರ ನೀರು ತಳಕಳಲೆಯ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಇಳಿದು, ಹತ್ತು ಯಂತ್ರಗಳಿಂದ ೧,೦೩೫ ಮೆಗಾವ್ಯಾಟ್ ಶಕ್ತಿಯನ್ನು ಕೊಡಬಲ್ಲದು. ಜಲಾಶಯವು ಸಮುದ್ರಮಟ್ಟದಿಂದ ೧,೮೧೯ ಅಡಿಯವರೆಗೆ ತುಂಬಿದಾಗ, ಕೇವಲ ಹದಿನಾರು ವರ್ಷ ದುಡಿದ ಹಿರೇಭಾಸ್ಕರವು ತಾನೇ ನೀರಿನ ಪಾಲಾಯಿತು.

ಮುಳುಗಿದುದು ಕಲ್ಲಿನ ಕಟ್ಟಡವೊಂದೇ ಅಲ್ಲ. ತಲೆಮಾರುಗಳು ಬೆಳೆಸಿದ ಅಡಕೆಯ ತೋಟಗಳು, ಗದ್ದೆಗಳು, ದೇವಸ್ಥಾನಗಳು, ಹಳ್ಳಿಗೆ ಹಳ್ಳಿಗಳೇ ಮುಳುಗಿದವು. ಒಕ್ಕಲೆದ್ದು ಹೋದವರಲ್ಲಿ ಅನೇಕರಿಗೆ, ಅರ್ಧಶತಮಾನ ಕಳೆದರೂ, ತಾವು ಉಳುವ ನೆಲದ ಹಕ್ಕುಪತ್ರ ಕೈಸೇರಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯವರು ಸಾಗರದ ಪೇಟೆಗೆ ಬರಲು ಲಾಂಚನ್ನೇ ಕಾಯಬೇಕಾಯಿತು. ಅವರಿಗೆ ಸೇತುವೆ ಒದಗಿದ್ದು ೨೦೨೫ರ ಜುಲೈಯಲ್ಲಿ. ನಾಡಿಗೆ ಬೆಳಕಿತ್ತವರು ಒಂದು ಸೇತುವೆಗಾಗಿ ಅರುವತ್ತು ವರ್ಷ ಕಾದರು!

ಅಣೆಕಟ್ಟೇ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ದೀಪದ ಕೆಳಗೆ ಓದಿ ಬೆಳೆದ ನಾನು ಹಾಗೆ ಹೇಳಿದರೆ ಅದು ಕೃತಘ್ನತೆಯಾದೀತು. ಆದರೆ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಲೆಕ್ಕ ಚರಿತ್ರೆಯಲ್ಲ. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ತಗ್ಗಿ, ಹಿರೇಭಾಸ್ಕರದ ಗೋಡೆ ಇಂದಿಗೂ ಗಟ್ಟಿಯಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ. ಹಾಗೆ ಹೋದವರು ಆ ಗೋಡೆಯ ಆಚೀಚೆ ಇದ್ದ ಊರುಗಳ ಹೆಸರನ್ನೂ ಅಲ್ಲಿಯ ಹಿರಿಯರಿಂದ ಕೇಳಿ ತಿಳಿದು ಬರಲೆಂದು ನನ್ನ ಬಿನ್ನಹ.