ಯಂತ್ರಬುದ್ಧಿಯೂ ತೊಗರಿಯ ಬೆಲೆಯೂ: ಒಂದು ಲಾಭವಿಚಾರ

ಕೃತಕ ಬುದ್ಧಿಮತ್ತೆಯೆಂದು ವ್ಯವಹರಿಸಲ್ಪಡುವ ಗಣಕಯಂತ್ರದ ಊಹಾಶಕ್ತಿಯು, ತಂತ್ರಾಂಶವನ್ನು ರಚಿಸುವ ಸಂಸ್ಥೆಗಳಿಗೂ ಅದನ್ನು ಕೊಳ್ಳುವ ಗ್ರಾಹಕರಿಗೂ ಲಾಭವನ್ನು ಹೆಚ್ಚಿಸುವುದೇ ಎಂಬ ಪ್ರಶ್ನೆಯು ಈಗ ಎಲ್ಲೆಡೆಯೂ ಚರ್ಚೆಗೆ ಬಂದಿದೆ. ಇದನ್ನು ಬೆಂಗಳೂರಿನ ಕಚೇರಿಗಳಲ್ಲಿ ಮಾತ್ರವೇ ಪರೀಕ್ಷಿಸದೆ ಕಲಬುರಗಿಯ ತೊಗರಿಯ ಪೇಟೆಯಲ್ಲಿಯೂ ಇಟ್ಟು ನೋಡುವುದು ಯುಕ್ತವೆಂದು ತೋರುತ್ತದೆ. ಕುಸನೂರ ಮೊದಲಾದ ಗ್ರಾಮಗಳನ್ನೊಳಗೊಂಡ ಈ ಸೀಮೆಯ ಕರಿನೆಲಕ್ಕೆ ತೊಗರಿಯೇ ಮುಖ್ಯವಾದ ಬೆಳೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮೊದಲು ಶಬ್ದಾರ್ಥವನ್ನು ನಿರ್ಣಯಿಸಬೇಕು. ಶ್ರಮಲಾಘವವು ಬೇರೆ, ಲಾಭವು ಬೇರೆ. ಗ್ರಾಹಕರ ಪ್ರಶ್ನೆಗಳಿಗೆ ಉತ್ತರವೀಯುವ ಐದು ಸಾವಿರಕ್ಕೂ ಮಿಕ್ಕ ನೌಕರರನ್ನು ಕುರಿತು 2023ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಶೋಧನೆಯಲ್ಲಿ, ಯಂತ್ರದ ನೆರವಿನಿಂದ ಕೆಲಸವು ಶೇಕಡಾ 14ರಷ್ಟು ಹೆಚ್ಚಿದುದು ಕಂಡುಬಂದಿತು. 2025ರ ಇನ್ನೊಂದು ಪರೀಕ್ಷೆಯಲ್ಲಿಯಾದರೋ, ನುರಿತ ಹದಿನಾರು ಮಂದಿ ತಂತ್ರಾಂಶಕಾರರಿಗೆ ಯಂತ್ರವಿದ್ದಾಗಲೇ ಶೇಕಡಾ 19ರಷ್ಟು ಹೆಚ್ಚು ಕಾಲ ಹಿಡಿಯಿತು. ಅವರು ಮಾತ್ರ ಕಾಲವು ಉಳಿಯಿತೆಂದೇ ನಂಬಿದ್ದರು. ಶ್ರಮವು ನಿಜವಾಗಿ ಉಳಿದರೂ ಲಾಭವು ಯಾರದೆಂಬುದು ಉಳಿದೇ ಇರುತ್ತದೆ. ಕೆಲಸಗಾರರ ದುಡಿಮೆಯ ಗಂಟೆಗಳನ್ನೆಣಿಸಿ ಹಣ ಪಡೆಯುವ ಸಂಸ್ಥೆಗೆ ಗಂಟೆ ಕಡಿಮೆಯಾದರೆ ಆದಾಯವೂ ಕಡಿಮೆಯಾಗುವುದು. ಇಡಿಯ ಕೆಲಸಕ್ಕೆ ಒಂದೇ ಬೆಲೆಯನ್ನು ಗೊತ್ತುಮಾಡಿಕೊಂಡ ಸಂಸ್ಥೆಗೆ ಉಳಿತಾಯವು ತನ್ನದಾಗುವುದು. ಆದುದರಿಂದ ಲಾಭವನ್ನು ಹಂಚುವುದು ಬುದ್ಧಿಯಲ್ಲ, ಕರಾರು.

ಇನ್ನು ಗ್ರಾಹಕನ ಪಕ್ಷ. 2014ರಲ್ಲಿ ಕರ್ನಾಟಕ ಸರಕಾರವು ಕೃಷಿ ಮಾರುಕಟ್ಟೆಗಳನ್ನು ಗಣಕಜಾಲದಿಂದ ಒಂದುಗೂಡಿಸುವ ಏಕೀಕೃತ ವೇದಿಕೆಯನ್ನು ಆರಂಭಿಸಿತು. ಹರಾಜು ಗುಟ್ಟಾಗಿ ನಡೆಯದೆ, ದೂರದ ವ್ಯಾಪಾರಿಯೂ ಬೆಲೆ ಕೂಗುವಂತಾಗಬೇಕೆಂಬುದು ಅದರ ಉದ್ದೇಶ. ಇದು ಯಂತ್ರಬುದ್ಧಿಯಲ್ಲದಿದ್ದರೂ ತಂತ್ರಾಂಶದ ಫಲವನ್ನು ಅಳೆಯುವುದಕ್ಕೆ ಸಮೀಪದ ನಿದರ್ಶನ. 2020ರಲ್ಲಿ ಪ್ರಕಟವಾದ ವಿದ್ವತ್ಪರೀಕ್ಷೆಯು ಭತ್ತ, ನೆಲಗಡಲೆ, ಮೆಕ್ಕೆಜೋಳಗಳ ಬೆಲೆ ಕ್ರಮವಾಗಿ ಶೇಕಡಾ 5.1, 3.6, 3.5ರಷ್ಟು ಏರಿತೆಂದು ನಿರ್ಣಯಿಸಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯವಾದ ಪರಿಣಾಮವೇ ಕಾಣಲಿಲ್ಲ. ತಂತ್ರಾಂಶವು ಒಂದೇ, ಫಲವು ಎರಡು! ಸಾಗಾಟದ ತೊಡಕು, ಕೊಳ್ಳುವವರ ಕೂಟದ ಬಲ, ಬೆಲೆ ಕಟ್ಟುವ ಕ್ರಮ, ಇವುಗಳಲ್ಲಿ ಬೆಳೆಯಿಂದ ಬೆಳೆಗಿರುವ ಭೇದವನ್ನು ಆ ಪರೀಕ್ಷಕರು ವಿಚಾರಿಸಿರುವರು.

ಯಂತ್ರಬುದ್ಧಿಯ ಸರದಿ ಬಳಿಕ ಬಂದಿತು. ಭಾರತದ ತೊಗರಿಯ ಉತ್ಪನ್ನವು 2015-16ರಲ್ಲಿ ಸುಮಾರು 25.6 ಲಕ್ಷ ಟನ್ನಿದ್ದುದು ಮರುವರ್ಷ ಸುಮಾರು 48.7 ಲಕ್ಷ ಟನ್ನಿಗೇರಿ, ಪೇಟೆಯ ಬೆಲೆಯು ಕ್ವಿಂಟಾಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಅಕ್ಟೋಬರಿನಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗದೊಡನೆ ಮೈಕ್ರೋಸಾಫ್ಟ್ ಸಂಸ್ಥೆಯು ತೊಗರಿಯ ಬೆಲೆಯನ್ನು ಮುಂದಾಗಿ ಊಹಿಸುವ ಕಾರ್ಯಕ್ಕೆ ಒಪ್ಪಂದ ಮಾಡಿಕೊಂಡಿತು. ಇಂತಹ ಊಹೆಯು ನಿಷ್ಪ್ರಯೋಜಕವೆಂದು ಯಾರೂ ಹೇಳಲಾರರು. ಸರಕಾರಕ್ಕೆ ಖರೀದಿಯ ಸಿದ್ಧತೆಗೂ ರೈತನಿಗೆ ಬಿತ್ತನೆಯ ನಿಶ್ಚಯಕ್ಕೂ ಅದು ಸಾಧನವಾಗಬಲ್ಲುದು. ಆದರೆ ಎರಡು ತಿಂಗಳಲ್ಲಿ ಬೆಲೆ ಏರುವುದೆಂದು ತಿಳಿದರೂ, ರಾಶಿಯಾದೊಡನೆ ಸಾಲ ತೀರಿಸಬೇಕಾದ ರೈತನು ಕಾಯಲಾರನು. ಉಗ್ರಾಣವುಳ್ಳ ವರ್ತಕನು ಕಾಯಬಲ್ಲನು. ಒಂದೇ ಜ್ಞಾನವು ಒಬ್ಬನಿಗೆ ಧನ, ಮತ್ತೊಬ್ಬನಿಗೆ ಬರಿಯ ವ್ಯಥೆ.

ಇದರಿಂದ ಸಿದ್ಧಿಸುವುದೇನೆಂದರೆ, ಯಂತ್ರಬುದ್ಧಿಯು ಲಾಭಕ್ಕೆ ಸಹಕಾರಿಕಾರಣವೇ ಹೊರತು ಸ್ವತಃ ಪರ್ಯಾಪ್ತವಾದ ಕಾರಣವಲ್ಲ. ಮಾರುವವನಿಗೆ ಕರಾರು, ಕೊಳ್ಳುವವನಿಗೆ ಕಾಯುವ ಶಕ್ತಿ, ಇವು ಅನುಕೂಲವಾದಲ್ಲಿ ಮಾತ್ರ ಅದು ಫಲಿಸುವುದು. ಆದುದರಿಂದ ಈ ಸೀಮೆಯಲ್ಲಿ ಬೆಲೆಯ ಊಹೆಗೆ ವ್ಯಯಮಾಡುವವರು, ಉಗ್ರಾಣಕ್ಕೂ ದಾಸ್ತಾನಿನ ಮೇಲಿನ ಸಾಲಕ್ಕೂ ಜೊತೆಯಲ್ಲಿಯೇ ವ್ಯಯಮಾಡುವುದು ವಿಹಿತವೆಂದು ನಮ್ಮ ಅಭಿಪ್ರಾಯ.